ಸೀಸದ ಅದಿರಿನ ವಯಸ್ಸು ಮೈನಸ್ ಬರುತ್ತಿದೆ, ಯಾಕೆ?

ಕಲ್ಲುಚೂರು: ಭೂವಿಜ್ಞಾನ ಎಂ.ಎಸ್ಸಿ. ಮಾಡುತ್ತಿದ್ದೇನೆ. ಅಮೆರಿಕದ ಮಿಸೌರಿ ರಾಜ್ಯದ ಜಾಪ್ಲಿನ್ ಸುತ್ತಲಿನ ಗೆಲೀನಾದ (ಸೀಸ-ಗಂಧಕ ಸೇರಿದ ಅದಿರು) ಐಸೊಟೋಪ್ ಅಂಕಿಗಳನ್ನು, ಅಂದರೆ ಬೇರೆ ಬೇರೆ ತೂಕದ ಸೀಸದ ಪರಮಾಣುಗಳ ಅನುಪಾತವನ್ನು, ಸೀಸದಿಂದ ವಯಸ್ಸು ಲೆಕ್ಕ ಹಾಕುವ ಸ್ಟೇಸಿ-ಕ್ರಾಮರ್ಸ್ ಮಾದರಿಗೆ ಹಾಕಿದರೆ ವಯಸ್ಸು ಮೈನಸ್ ಬರುತ್ತದೆ. ಅಂದರೆ ಅದಿರು ಇನ್ನೂ ಹುಟ್ಟೇ ಇಲ್ಲ! ಇಂಥ ಅಂಕಿ ಹಿಡಿದು ಸೀಸದ ಮೂಲ ಹುಡುಕೋದು ಹೇಗೆ?

ಹಳೇ ಸುತ್ತಿಗೆ: ನಿಮ್ಮ ಲೆಕ್ಕ ಸರಿ ಇದೆ, ಮಾದರಿ ಅಲ್ಲಿಗೆ ಹೊಂದುವುದಿಲ್ಲ ಅಷ್ಟೇ. ಇದಕ್ಕೆ ಜೆ-ಟೈಪ್ ಸೀಸ ಅಂತಲೇ ಹೆಸರು, ಜಾಪ್ಲಿನ್‌ನ ಜೆ.

ಸೀಸ-204 ಹೆಚ್ಚುವುದಿಲ್ಲ. ಸೀಸ-206 ಮತ್ತು 207 ಯುರೇನಿಯಂ ಕ್ಷಯಿಸಿ, 208 ಥೋರಿಯಂ ಕ್ಷಯಿಸಿ ಸೇರುತ್ತಾ ಹೋಗುತ್ತವೆ. ಗೆಲೀನಾದಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹರಳು ಕಟ್ಟಿದಾಗಿನ ಅನುಪಾತ ಹಾಗೇ ಉಳಿದುಬಿಡುತ್ತದೆ. ಸ್ಟೇಸಿ-ಕ್ರಾಮರ್ಸ್ ಲೆಕ್ಕದಲ್ಲಿ ಭೂಪದರದ ಸೀಸದಲ್ಲಿ 206/204 ಅನುಪಾತ ಇವತ್ತಿಗೂ ಸುಮಾರು 18.7. ನಿಮ್ಮ ಅಂಕಿ 20 ದಾಟಿರಬೇಕು, ಅಲ್ವಾ? ಮಾದರಿಯ ಪ್ರಕಾರ ಅದು ಮುಂದೆಂದೋ ಬರಬೇಕಾದ ಅಂಕಿ, ಅದಕ್ಕೇ ಮೈನಸ್. ಯುರೇನಿಯಂ ಜಾಸ್ತಿ ಇದ್ದ ಹಳೇ ಕಲ್ಲಿನಿಂದ, ಅಥವಾ ಅದು ಸವೆದು ಆದ ಮರಳುಗಲ್ಲಿನಿಂದ, ಬಿಸಿ ಉಪ್ಪುನೀರು ಈ ಸೀಸವನ್ನು ತೊಳೆದು ತಂದಿದೆ. ಅಂದರೆ ಆ ಮೈನಸ್ಸೇ ನಿಮಗೆ ಸಿಕ್ಕ ಸುಳಿವು.

ಇನ್ನೊಂದು ಮಾತು. ಹರಳನ್ನು ಪೂರ್ತಿ ಪುಡಿ ಮಾಡಿ ಒಂದೇ ಅಂಕಿ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದೇ ಗೆಲೀನಾ ಹರಳಿನ ಒಳಪದರ, ಹೊರಪದರಗಳಲ್ಲಿ ಅನುಪಾತ ಬೇರೆ ಬೇರೆ ಇರಬಹುದು. ಹರಳು ಬೆಳೆಯುತ್ತಿದ್ದಾಗಲೇ ನೀರಿನಲ್ಲಿದ್ದ ಸೀಸ ಬದಲಾಗಿದೆ. ಪುಡಿ ಮಾಡಿದರೆ ಆ ಕಥೆ ಅಲ್ಲಿಗೇ ಮುಗಿಯಿತು.

ಡಾಲೊಮೈಟ್: ಆಗ್ನೇಯ ಮಿಸೌರಿಯನ್ನೂ ನೋಡಿ. ಅದಿರು ಇರುವುದು ಬಾನ್‌ಟೆರ್ ಡಾಲೊಮೈಟ್ ಎಂಬ, ಸುಣ್ಣಕಲ್ಲಿನಂಥ ಕಲ್ಲಿನ ಪದರದಲ್ಲಿ. ಅದರ ಕೆಳಗೇ ಲಾಮಾಟ್ ಮರಳುಗಲ್ಲು, ನೀರು ಹರಿಯಲು ಹೇಳಿ ಮಾಡಿಸಿದ ದಾರಿ. ಇಂಥ ಅದಿರಿನ ಹರಳುಗಳೊಳಗೆ ಸಿಕ್ಕಿಬಿದ್ದ ನೀರಿನ ಹನಿಗಳು ಆಗಿನ ಬಿಸಿ ಸಾಮಾನ್ಯವಾಗಿ 75ರಿಂದ 150 ಡಿಗ್ರಿ ಸೆಲ್ಸಿಯಸ್ ಎಂದು ತೋರಿಸುತ್ತವೆ. ಅವುಗಳಲ್ಲಿನ ಉಪ್ಪಿನಂಶ ಸಮುದ್ರದ ನೀರಿಗಿಂತ ಹಲವು ಪಟ್ಟು. ಆ ಉಪ್ಪಿನ ಕ್ಲೋರೈಡ್ ಇಲ್ಲದೆ ಸೀಸ ಅಷ್ಟು ದೂರ ಬರುವುದಿಲ್ಲ.

ಗೆಲೀನಾದಲ್ಲಿರುವ ಗಂಧಕದ ಮೂಲವನ್ನು ಮಾತ್ರ ಬೇರೆಯಾಗಿ ಹುಡುಕಿ. ಸೀಸ, ಸಲ್ಫೈಡ್ (ಗಂಧಕದ ಒಂದು ರೂಪ) ಎರಡೂ ಒಂದೇ ನೀರಿನಲ್ಲಿ ಜಾಸ್ತಿ ಹೊತ್ತು ಇರಲಾರವು, ಗೆಲೀನಾ ಆಗಿ ಇಳಿದುಬಿಡುತ್ತವೆ.

ಕಲ್ಲುಚೂರು: ಥ್ಯಾಂಕ್ಸ್ ಸರ್. ಹಾಗಾದರೆ ಅದಿರಿನ ನಿಜವಾದ ವಯಸ್ಸು?

ಹಳೇ ಸುತ್ತಿಗೆ: ಅದನ್ನು ಸೀಸದ ಹತ್ತಿರ ಕೇಳಬೇಡಿ. ಸ್ಫಾಲರೈಟ್ (ಸತುವಿನ ಅದಿರು) ಸಿಕ್ಕರೆ ರುಬಿಡಿಯಂ-ಸ್ಟ್ರಾನ್ಷಿಯಂ ವಯಸ್ಸಿನ ಪರೀಕ್ಷೆ ಮಾಡಿಸಿ, ಇಲ್ಲವೇ ಕಲ್ಲಿನಲ್ಲಿ ಉಳಿದಿರುವ ಹಳೇ ಕಾಂತತ್ವದ ದಿಕ್ಕು ನೋಡಿ. ಮಿಸೌರಿಯಲ್ಲಿ ಕಾಂತತ್ವ ಸುಮಾರು 30 ಕೋಟಿ ವರ್ಷದ ಹಿಂದಕ್ಕೆ ಕೈ ತೋರಿಸುತ್ತದೆ. ದಕ್ಷಿಣದಲ್ಲಿ ವಾಷಿಟಾ ಬೆಟ್ಟಗಳು ಎದ್ದು, ಉಪ್ಪುನೀರು ಉತ್ತರಕ್ಕೆ ನುಗ್ಗಿತು ಅನ್ನುವ ವಾದಕ್ಕೆ ಇದು ಚೆನ್ನಾಗಿ ಹೊಂದುತ್ತದೆ.