ಉಪ್ಪುನೀರಿನ ಮೀನಿಗೆ ಬಿಳಿ ಚುಕ್ಕೆ: ಮೊದಲು ಉಸಿರು ಎಣಿಸಿ, ಆಮೇಲೆ ಔಷಧಿ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಬೆಂಗಳೂರಿನಲ್ಲಿ 300 ಲೀಟರಿನ ಮರೀನ್ ಟ್ಯಾಂಕ್, ಎಂಟು ತಿಂಗಳಾಗಿದೆ. ಲೈವ್ ರಾಕ್, ಸಾಫ್ಟ್ ಕೋರಲ್, ಎರಡು ಕ್ಲೀನರ್ ಸಿಗಡಿ, ಬಸವನಹುಳು ಇವೆ. ಮೀನು ನಾಲ್ಕು: ಎರಡು ಕ್ಲೌನ್, ಒಂದು ರಾಯಲ್ ಗ್ರಾಮಾ, ಹದಿನೈದು ದಿನದ ಹಿಂದೆ ತಂದ ಪೌಡರ್ ಬ್ಲೂ ಟ್ಯಾಂಗ್. ಟ್ಯಾಂಗ್ ಮೈಮೇಲೆ ವಾರದ ಹಿಂದೆ ಐದಾರು ಬಿಳಿ ಚುಕ್ಕೆ ಬಂದವು, ಮೂರು ದಿನಕ್ಕೆ ತಾನಾಗಿಯೇ ಹೋದವು. ಇವತ್ತು ಬೆಳಿಗ್ಗೆ ನೋಡಿದರೆ ಮೈತುಂಬಾ ಇವೆ, ಕಲ್ಲಿಗೆ ಮೈ ಉಜ್ಜುತ್ತಿದೆ. ತಿಂಡಿ ತಿನ್ನುತ್ತಿದೆ. ತಾಪಮಾನ 26 ಡಿಗ್ರಿ, ಸಾಂದ್ರತೆ 1.025. ಅಂಗಡಿಯಲ್ಲಿ ‘ರೀಫ್ ಸೇಫ್’, ಅಂದರೆ ಕೋರಲ್, ಸಿಗಡಿಗೆ ಹಾನಿಯಿಲ್ಲ ಎಂದು ಒಂದು ಬಾಟಲಿ ಕೊಟ್ಟಿದ್ದಾರೆ. ಹಾಕಲೇ?

ಉತ್ತರ: ಹಾಕಬೇಡಿ ಸರ್. ಈಗಲೇ ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ತೆಗೆದು, ಕಿವಿರಿನ ಮುಚ್ಚಳ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂದು ಎಣಿಸಿ. ಸುಮ್ಮನೆ ಈಜುವಾಗ 80ರ ಆಸುಪಾಸು ಇದ್ದರೆ ಯೋಚಿಸಲು ಸಮಯವಿದೆ. 120 ದಾಟಿದ್ದರೆ ಇವತ್ತೇ ಮೀನು ಹೊರಗೆ ಬರಬೇಕು. ಚುಕ್ಕೆಗಿಂತ ಉಸಿರೇ ನಿಜ ಹೇಳುತ್ತದೆ, ಏಕೆಂದರೆ ಈ ಪರಜೀವಿಗಳು ಮೊದಲು ಕೂರುವುದು ಕಿವಿರಿನ ಮೇಲೆ, ಮತ್ತು ಅಲ್ಲಿ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇನ್ನೆರಡು ವಿಷಯವನ್ನೂ ತಿಳಿಸಿ: ಮೀನು ವೇವ್‌ಮೇಕರಿನ (ಅಲೆ ಎಬ್ಬಿಸುವ ಪಂಪಿನ) ರಭಸಕ್ಕೆ ಮುಖ ಕೊಟ್ಟು ನಿಲ್ಲುತ್ತದೆಯೇ? ಬೆಳಕು ಹಾಕಿದರೆ ಮರೆಗೆ ಓಡುತ್ತದೆಯೇ?

ಪ್ರಶ್ನೆ: 85 ಬಂತು. ಎರಡಕ್ಕೂ ಇಲ್ಲ. ಚುಕ್ಕೆಗಳನ್ನು ಎಣಿಸಬಹುದು, ನಲವತ್ತಕ್ಕೂ ಹೆಚ್ಚಿವೆ.

ಉತ್ತರ: ಹಾಗಾದರೆ ಇದು ವೈಟ್ ಸ್ಪಾಟ್, ಅಂದರೆ ಕ್ರಿಪ್ಟೊಕೇರಿಯಾನ್ ಇರಿಟಾನ್ಸ್ ಎಂಬ ಪರಜೀವಿಯ ರೋಗ. ಚಿರೋಟಿ ರವೆ ಉದುರಿಸಿದ ಹಾಗೆ, ಬಿಡಿಬಿಡಿಯಾಗಿ, ಎಣಿಕೆಗೆ ಸಿಗುವ ಚುಕ್ಕೆ ಇದರದು. ನಾನು ಕೇಳಿದ ಆ ಎರಡು ಲಕ್ಷಣ ವೆಲ್ವೆಟ್ ಎಂಬ ಇನ್ನೊಂದು ಪರಜೀವಿ ರೋಗದ್ದು. ವೆಲ್ವೆಟ್ ಆಗಿದ್ದರೆ, ಅಂದರೆ ಅಮೈಲೂಡಿನಿಯಂ ಆಗಿದ್ದರೆ, ಗಂಧದ ಪುಡಿ ಬಳಿದ ಹಾಗೆ ನುಣ್ಣಗೆ ಕಾಣುತ್ತದೆ. ಎಣಿಸಲು ಆಗುವುದಿಲ್ಲ. ಕೋಣೆಯ ದೀಪ ಆರಿಸಿ ಪಕ್ಕದಿಂದ ಟಾರ್ಚ್ ಹಿಡಿದರೆ ಹೊಂಬಣ್ಣದ ಮಿನುಗು ಕಾಣಬಹುದು. ಎಷ್ಟೋ ಮೀನುಗಳು ಆ ಪುಡಿ ಕಾಣಿಸುವ ಮೊದಲೇ ಕಿವಿರು ಕಟ್ಟಿ ಸಾಯುತ್ತವೆ, ಎರಡು ಮೂರು ದಿನದೊಳಗೆ.

ಪಕ್ಕಾ ಮಾಡಿಕೊಳ್ಳಬೇಕೆಂದರೆ ಸೂಕ್ಷ್ಮದರ್ಶಕ ಬೇಕು, ಸಾಧಾರಣ ಶಾಲೆಯದ್ದೇ ಸಾಕು. ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಚುಕ್ಕೆ ಇರುವ ಕಡೆ ಕವರ್ ಸ್ಲಿಪ್‌ನಿಂದ ತಲೆಯಿಂದ ಬಾಲದ ಕಡೆಗೆ ಒಮ್ಮೆ ಮೆಲ್ಲಗೆ ಸವರಿ. ಟ್ಯಾಂಕಿನದೇ ಒಂದು ಹನಿ ನೀರು ಹಾಕಿ 40 ಮತ್ತು 100 ಪಟ್ಟಿನಲ್ಲಿ ಕೂಡಲೇ ನೋಡಿ, ಜೀವಿಗಳು ಸತ್ತ ಮೇಲೆ ಗುರುತು ಹಿಡಿಯುವುದು ಕಷ್ಟ. ದುಂಡಗೆ, ಕಪ್ಪಗೆ, ಅಂಚಿನಲ್ಲಿ ರೋಮ ಆಡಿಸುತ್ತಾ ನಿಧಾನಕ್ಕೆ ಉರುಳುತ್ತಿದ್ದರೆ ವೈಟ್ ಸ್ಪಾಟ್. ಕಂದು ಬಣ್ಣದ ಮೊಟ್ಟೆಯಾಕಾರ, ಒಂದೇ ಕಡೆ ಅಂಟಿಕೊಂಡು ಅಲುಗಾಡದಿದ್ದರೆ ವೆಲ್ವೆಟ್.

ಈಗ ಮುಖ್ಯವಾದ ಮಾತು. ಚುಕ್ಕೆ ಹೋಗಿದ್ದು ವಾಸಿಯಾಗಿದ್ದಲ್ಲ. ಈ ಜೀವಿ ಮೀನಿನ ಮೇಲ್ಚರ್ಮದ ಒಳಗೆ ಮೂರರಿಂದ ಏಳು ದಿನ ತಿಂದು ಬೆಳೆಯುತ್ತದೆ. ಬಲಿತ ಮೇಲೆ, ಹೆಚ್ಚಾಗಿ ಕತ್ತಲಲ್ಲಿ, ಉದುರಿ ಕಲ್ಲು, ಮರಳು, ಗಾಜಿಗೆ ಅಂಟಿಕೊಂಡು ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಕವಚದೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಒಂದೇ ಕವಚದಿಂದ 200ಕ್ಕೂ ಹೆಚ್ಚು ಮರಿಗಳು ಹೊರಬರಬಹುದು. ನಿಮ್ಮ ಐದಾರು ಚುಕ್ಕೆ ನಲವತ್ತಾಗಿದ್ದು ಹೀಗೆ. ಆ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಚರ್ಮದೊಳಗಿದ್ದಾಗಲೂ ಕವಚದೊಳಗಿದ್ದಾಗಲೂ ಔಷಧಿ ಅದಕ್ಕೆ ತಾಕುವುದಿಲ್ಲ. ಈಜುತ್ತಿರುವ ಮರಿಯನ್ನು ಮಾತ್ರ ಕೊಲ್ಲಲು ಸಾಧ್ಯ. ಆದ್ದರಿಂದಲೇ ತಾಮ್ರದ ಚಿಕಿತ್ಸೆ 30 ದಿನ, ನೀರಿನಲ್ಲಿ ತಾಮ್ರದ ಮಟ್ಟ ಒಂದು ದಿನವೂ ಇಳಿಯದೆ ನಡೆಯಬೇಕು.

ಕೋರಲ್, ಸಿಗಡಿ ಇರುವ ಟ್ಯಾಂಕಿನಲ್ಲಿ ಆ ಮರಿಗಳನ್ನು ಕೊಂದು, ಸಿಗಡಿಯನ್ನು ಉಳಿಸುವ, ನಂಬಬಹುದಾದ ಔಷಧಿ ಇಲ್ಲ. ಬೆಳ್ಳುಳ್ಳಿ ರಸ ಹಸಿವೆ ಹೆಚ್ಚಿಸಬಹುದು, ರೋಗ ಹೋಗದು. ಕ್ಲೀನರ್ ಸಿಗಡಿ ಚರ್ಮದೊಳಗಿನದನ್ನು ಕಿತ್ತು ತಿನ್ನುವುದಿಲ್ಲ. ಯುವಿ ದೀಪ ತನ್ನ ಮೂಲಕ ಹಾದುಹೋದ ಮರಿಗಳನ್ನಷ್ಟೇ ಕೊಲ್ಲುತ್ತದೆ. ನಾಲ್ಕೂ ಮೀನುಗಳನ್ನು ಹೊರಗೆ ತೆಗೆದು, ಚಿಕಿತ್ಸೆಗೆಂದೇ ಇಟ್ಟ ಬೇರೆ ಟ್ಯಾಂಕಿಗೆ ಬಿಡಿ. ಚುಕ್ಕೆ ಕಾಣದ ಕ್ಲೌನ್‌ಗಳನ್ನೂ ಸೇರಿಸಿ, ಅವುಗಳ ಕಿವಿರಿನಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ. ಇಕ್ಕಟ್ಟಾದ ಟ್ಯಾಂಕಿನಲ್ಲಿ ಪೌಡರ್ ಬ್ಲೂ ಬಹುಬೇಗ ಈ ರೋಗಕ್ಕೆ ಬೀಳುತ್ತದೆ. 300 ಲೀಟರು ಅದಕ್ಕೆ ಚಿಕ್ಕದು, ವಾಸಿಯಾದ ಮೇಲೆ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡುವುದನ್ನು ದಯವಿಟ್ಟು ಯೋಚಿಸಿ.

ಪ್ರಶ್ನೆ: ಚಿಕಿತ್ಸೆಯ ಟ್ಯಾಂಕ್ ಹೇಗಿರಬೇಕು? ತಾಮ್ರ ಎಷ್ಟು? ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆಗೆ ಬೋರ್ಡೋ ಹೊಡೆಯಲು ತಂದ ಮೈಲುತುತ್ತ ಊರಿನ ಮನೆಯಲ್ಲಿ ಮೂಟೆಗಟ್ಟಲೆ ಇದೆ. ಅದೂ ತಾಮ್ರವೇ ಅಲ್ಲವೇ?

ಉತ್ತರ: ಅದೇ ತಾಮ್ರದ ಸಲ್ಫೇಟ್, ನಿಜ. ಆದರೆ ತೋಟದ ಮೈಲುತುತ್ತದ ಶುದ್ಧತೆ ಇಲ್ಲಿಗೆ ಸಾಲದು, ಬೇರೆ ಲೋಹ ಬೆರೆತಿರಬಹುದು. ಪ್ರಯೋಗಾಲಯಕ್ಕೆ ಮಾರುವ ಶುದ್ಧ ದರ್ಜೆಯ ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್ 100 ಗ್ರಾಂ ತಂದರೆ ವರ್ಷಗಟ್ಟಲೆ ಬರುತ್ತದೆ.

ಟ್ಯಾಂಕ್: ನಿಮ್ಮ ನಾಲ್ಕು ಮೀನಿಗೆ 100 ಲೀಟರಾದರೂ ಇರಲಿ. ಮರಳು, ಕಲ್ಲು, ಕೋರಲ್ ಚೂರು ಏನೂ ಬೇಡ, ಸುಣ್ಣದಂಶ ಇರುವುದೆಲ್ಲ ತಾಮ್ರವನ್ನು ಹೀರುತ್ತದೆ. ಅಡಗಲು ಪಿವಿಸಿ ಪೈಪಿನ ತುಂಡು, ಎಲ್ಬೋ ಸಾಕು. ಹೀಟರ್, ಸ್ಪಾಂಜ್ ಫಿಲ್ಟರ್, ಜೊತೆಗೆ ಬೇರೆ ಏರ್ ಸ್ಟೋನ್. ಕರೆಂಟು ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಇರಲೇಬೇಕು. ಆಕ್ಟಿವೇಟೆಡ್ ಕಾರ್ಬನ್ ತೆಗೆಯಿರಿ. ನೀರು ತುಂಬುವಾಗ ಲೀಟರ್ ಜಗ್ಗಿನಲ್ಲಿ ಅಳೆದೇ ತುಂಬಿ, ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಟ್ಯಾಂಕಿನ ಉದ್ದಗಲ ಗುಣಿಸಿ ಬಂದ ಲೆಕ್ಕವನ್ನು ನಂಬಿದರೆ ಡೋಸ್ ತಪ್ಪುತ್ತದೆ.

ದ್ರಾವಣ: ಈ ಹರಳಿನಲ್ಲಿ ತಾಮ್ರ ಇರುವುದು ನಾಲ್ಕನೇ ಒಂದು ಭಾಗ, 25.45 ಪ್ರತಿಶತ. ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ 3.93 ಗ್ರಾಂ ತೂಗಿ, ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ 1 ಲೀಟರ್ ಮಾಡಿ. ಈಗ 1 ಮಿಲಿ ದ್ರಾವಣದಲ್ಲಿ 1 ಮಿಲಿಗ್ರಾಂ ತಾಮ್ರ. ಗುರಿ 0.20 ಪಿಪಿಎಂ (ಲೀಟರಿಗೆ 0.20 ಮಿಲಿಗ್ರಾಂ), ಅಂದರೆ 100 ಲೀಟರಿಗೆ 20 ಮಿಲಿ. ಒಂದೇ ಸಲ ಸುರಿಯಬೇಡಿ: ಎರಡು ದಿನ, ಬೆಳಿಗ್ಗೆ ಸಂಜೆ 5 ಮಿಲಿಯಂತೆ ನಾಲ್ಕು ಕಂತಿನಲ್ಲಿ, ಏರ್ ಸ್ಟೋನಿನ ಗುಳ್ಳೆಯ ಮೇಲೆ ನಿಧಾನವಾಗಿ ಹಾಕಿ.

ಮೊದಲ ವಾರ ದಿನಕ್ಕೆರಡು ಸಲ ಟೆಸ್ಟ್ ಮಾಡಿ. ಉಪ್ಪುನೀರು ಕ್ಷಾರೀಯ, ಅದರಲ್ಲಿ ತಾಮ್ರ ಕಾರ್ಬೊನೇಟಾಗಿ ತಳ ಸೇರುತ್ತಲೇ ಇರುತ್ತದೆ. 0.15ಕ್ಕಿಂತ ಇಳಿದರೆ ಮರಿಗಳು ಬದುಕುತ್ತವೆ, ಆಗ ದಿನದ ಎಣಿಕೆ ಮತ್ತೆ ಒಂದರಿಂದ ಶುರು. 0.25 ದಾಟಿದರೆ ಮೀನಿಗೇ ವಿಷ. 100 ಲೀಟರಿನಲ್ಲಿ 0.16 ತೋರಿಸಿದರೆ ಕೊರತೆ 0.04, ಅಂದರೆ 4 ಮಿಲಿ ಸೇರಿಸಿ. ಇಷ್ಟು ಸಣ್ಣ ಅಂತರವನ್ನು ಬಣ್ಣದ ಕಾರ್ಡಿಗೆ ಹೋಲಿಸಿ ಹೇಳುವುದು ಕಷ್ಟ, ಡಿಜಿಟಲ್ ಕಲರಿಮೀಟರ್ ಸಿಕ್ಕರೆ ಕೊಳ್ಳಿ. ಆವಿಯಾದ ನೀರಿಗೆ ಬರೀ ಆರ್‌ಒ ನೀರು ಗೆರೆಯವರೆಗೆ ತುಂಬಿ, ತಾಮ್ರ ಬೇಡ, ತಾಮ್ರ ಆವಿಯಾಗುವುದಿಲ್ಲ. ನೀರು ಬದಲಿಸುವಾಗ ಮಾತ್ರ ಹೊಸ ಉಪ್ಪುನೀರಿಗೆ ಮೊದಲೇ ಅಷ್ಟೇ ಮಟ್ಟದ ತಾಮ್ರ ಬೆರೆಸಿಟ್ಟು ಹಾಕಿ.

ಕೀಲೇಟೆಡ್ (ಬೇರೆ ಅಣುವಿಗೆ ಕಟ್ಟಿಟ್ಟ) ತಾಮ್ರದ ಬಾಟಲಿ ಸಿಕ್ಕರೆ ಅದು ಇದಕ್ಕಿಂತ ಸುಲಭ, ಮಟ್ಟ ಸ್ಥಿರವಾಗಿರುತ್ತದೆ. ಅದರ ಅಂಕಿಯೇ ಬೇರೆ: ಕಂಪನಿಗೆ ತಕ್ಕಂತೆ 1.5ರಿಂದ 2.5 ಪಿಪಿಎಂ. ಒಂದರ ಅಂಕಿ ಇನ್ನೊಂದಕ್ಕೆ ಬಳಸಿದರೆ ಕೆಲಸ ಕೆಟ್ಟಿತು. ಸಲ್ಫೇಟನ್ನು 2 ಪಿಪಿಎಂ ಮಾಡಿದರೆ ಮೀನು ಉಳಿಯುವುದಿಲ್ಲ.

ಪ್ರಶ್ನೆ: ಹಿಂದೊಮ್ಮೆ ತಾಮ್ರ ಹಾಕಿ ಐದನೇ ದಿನ ಮೀನು ಸತ್ತಿತ್ತು, ಮಟ್ಟ ಸರಿಯಾಗಿಯೇ ಇತ್ತು. ಏನು ತಪ್ಪಾಗಿರಬಹುದು?

ಉತ್ತರ: ಬಹುಪಾಲು ಅಮೋನಿಯಾ. ಹೊಸ ಟ್ಯಾಂಕಿನಲ್ಲಿ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ, ತಾಮ್ರ ಅವುಗಳ ಬೆಳವಣಿಗೆಯನ್ನೂ ನಿಧಾನ ಮಾಡುತ್ತದೆ. ಹಳೆಯ ಸಂಪಿನಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ) ಮೂರು ನಾಲ್ಕು ವಾರ ನೆನೆದ ಸ್ಪಾಂಜನ್ನೇ ಫಿಲ್ಟರಿಗೆ ಹಾಕಿ. ದಿನಾ ಅಮೋನಿಯಾ ಟೆಸ್ಟ್ ಮಾಡಿ, 0.5 ಮುಟ್ಟಿದರೆ ಮೂರನೇ ಒಂದು ಭಾಗ ನೀರು ಬದಲಿಸಿ. ಒಂದು ಎಚ್ಚರಿಕೆ: ಅಮೋನಿಯಾ, ಕ್ಲೋರಿನ್ ಕಟ್ಟಿಹಾಕುವ ವಾಟರ್ ಕಂಡೀಷನರನ್ನು ತಾಮ್ರ ಇರುವ ನೀರಿಗೆ ಹಾಕಬಾರದು. ಅದು ತಾಮ್ರದ ರೂಪ ಬದಲಿಸಿ ಹೆಚ್ಚು ವಿಷ ಮಾಡುತ್ತದೆ. ಟೆಸ್ಟ್ ಕಿಟ್‌ನಲ್ಲಿ ಮಟ್ಟ ಸರಿ ಕಂಡರೂ ಮೀನು ಸಾಯುವುದಕ್ಕೆ ಇದೂ ಕಾರಣ.

ಇನ್ನೊಬ್ಬ ಸದಸ್ಯೆ: ಮೇಲಿನ ಚರ್ಚೆಗೆ ಸೇರಿಸುತ್ತಿದ್ದೇನೆ ಸರ್. ತಾಮ್ರ ಅಳೆಯಲು ಆಗದವರಿಗೆ ಟ್ಯಾಂಕ್ ಬದಲಿಸುವ ವಿಧಾನ ಹೇಳಬಹುದಲ್ಲವೇ?

ಉತ್ತರ: ಒಳ್ಳೆಯ ಮಾತು ಮೇಡಂ. ವೈಟ್ ಸ್ಪಾಟಿಗೆ ಮಾತ್ರ. ಎರಡು ಪ್ಲಾಸ್ಟಿಕ್ ಟಬ್, ಎರಡು ಜೊತೆ ಏರ್ ಸ್ಟೋನ್, ಪೈಪು, ಬಲೆ. ಮೊದಲ ದಿನ ಒಂದರಲ್ಲಿ ಬಿಟ್ಟು, 4, 7, 10, 13ನೇ ದಿನಗಳ ಬೆಳಿಗ್ಗೆ ದೀಪ ಹಾಕುವ ಮೊದಲೇ ಇನ್ನೊಂದಕ್ಕೆ ಸಾಗಿಸಿ. ಎರಡು ಸಾಗಣೆಯ ನಡುವೆ 72 ಗಂಟೆ ಮೀರಬಾರದು. ಉದುರಿದ್ದು ಒಡೆಯುವ ಮೊದಲೇ ಮೀನು ಅಲ್ಲಿಂದ ಹೋಗಿರುತ್ತದೆ, ಲೆಕ್ಕ ಇಷ್ಟೇ. ನೀರು ಜೊತೆಗೆ ಹೋಗದಿರಲಿ. ಬಿಟ್ಟುಬಂದ ಟಬ್ ಮತ್ತು ಸಾಮಾನೆಲ್ಲ ತೊಳೆದು ಗರಿಗರಿ ಒಣಗಬೇಕು. ಮಳೆಗಾಲದಲ್ಲಿ ಕೆಡುವುದು ಇಲ್ಲೇ, ಸ್ಪಾಂಜ್ ಮೂರು ದಿನಕ್ಕೆ ಒಣಗುವುದಿಲ್ಲ, ಅದನ್ನು ಬಳಸದಿರುವುದೇ ಮೇಲು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ನಿನ್ನೆ ತಂದ ಕ್ಲೌನ್ ಜೋಡಿ, ಮೈಯಿಂದ ಬಿಳಿ ಪೊರೆಯಂತೆ ಲೋಳೆ ಸುಲಿದು ನೇತಾಡುತ್ತಿದೆ. ನೀರಿನ ಮೇಲ್ಭಾಗದಲ್ಲೇ ಬಾಯಿ ತೆರೆಯುತ್ತಿವೆ. ಇದಕ್ಕೂ ತಾಮ್ರವೇ?

ಉತ್ತರ: ಅಲ್ಲ, ಮತ್ತು ತಡ ಮಾಡಬೇಡಿ. ನೀವು ಹೇಳಿದ್ದು ಬ್ರೂಕ್ಲಿನೆಲ್ಲಾ ಎಂಬ ಪರಜೀವಿಯ ಲಕ್ಷಣ, ಕ್ಲೌನ್‌ಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಕ್ಲೌನ್ ಫಿಶ್ ಡಿಸೀಸ್ ಎಂದೇ ಹೆಸರಿದೆ. ಕವಚ ಕಟ್ಟುವ ಹಂತ ಇದಕ್ಕಿಲ್ಲ, ಮೀನಿನ ಮೇಲೆಯೇ ಒಡೆದು ಎರಡಾಗುತ್ತದೆ, ಹಾಗಾಗಿ ಗಂಟೆಗಳಲ್ಲಿ ಏರುತ್ತದೆ. ತಾಮ್ರ ಇದರ ಮೇಲೆ ನಡೆಯುವುದಿಲ್ಲ.

37 ಪ್ರತಿಶತದ ಫಾರ್ಮಲಿನ್ ಬೇಕು. ಟ್ಯಾಂಕಿನದೇ ತಾಪಮಾನ, ಸಾಂದ್ರತೆಯ 10 ಲೀಟರ್ ಹೊಸ ಉಪ್ಪುನೀರಿಗೆ 1.5 ಮಿಲಿ ಹಾಕಿ, ಜೋರಾಗಿ ಗಾಳಿ ಬಿಟ್ಟು ಹತ್ತು ನಿಮಿಷ ಬೆರೆಯಲು ಬಿಡಿ. ಮೀನು 30 ನಿಮಿಷ, ಹೆಚ್ಚೆಂದರೆ 45 ನಿಮಿಷ ಅದರಲ್ಲಿರಲಿ, ನೀವು ಪಕ್ಕದಲ್ಲೇ ಕೂತಿರಿ. ಮೀನು ಮಗ್ಗುಲಾಗಿ ತೇಲಿದರೆ ಕೂಡಲೇ ತೆಗೆಯಿರಿ. ಹಳೆಯ ಟ್ಯಾಂಕಿಗೆ ವಾಪಸ್ ಬಿಡದೆ ಹೊಸ ನೀರಿಗೆ ಬಿಡಿ. ದಿನ ಬಿಟ್ಟು ದಿನ ಮೂರು ಸಲ. ಫಾರ್ಮಲಿನ್ ನೀರಿನ ಆಮ್ಲಜನಕವನ್ನು ಇಳಿಸುತ್ತದೆ, ಆದ್ದರಿಂದ ಗಾಳಿಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕಂಡರೆ ಅದು ಪ್ಯಾರಾಫಾರ್ಮಾಲ್ಡಿಹೈಡ್, ಮೀನಿಗೆ ಘೋರ ವಿಷ, ಆ ಬಾಟಲಿ ಬಳಸಬೇಡಿ. ನಿಮಗೂ ಇದು ಕ್ಯಾನ್ಸರ್‌ಕಾರಕ: ಕೈಗವಸು, ಕನ್ನಡಕ ಹಾಕಿ, ಕಿಟಕಿ ತೆರೆದು ಬಾಲ್ಕನಿಯಲ್ಲಿ ಕೆಲಸ ಮಾಡಿ, ಮಕ್ಕಳು ಹತ್ತಿರ ಬಾರದಿರಲಿ. ಫಾರ್ಮಲಿನ್ ಸಿಗುವವರೆಗೆ ಸಿಹಿನೀರಿನ ಸ್ನಾನ ಸ್ವಲ್ಪ ಉಸಿರು ಕೊಡುತ್ತದೆ.

ಪ್ರಶ್ನೆ: ಸಿಹಿನೀರಿನ ಸ್ನಾನ ಎಂದರೆ ನಲ್ಲಿ ನೀರೇ?

ಉತ್ತರ: ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ. ಆರ್‌ಒ ನೀರಿಗೆ ಅಡಿಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಬೆರೆಸಿ ಪಿಎಚ್ 8.2ರ ಹತ್ತಿರ ತನ್ನಿ, ತಾಪಮಾನ ಟ್ಯಾಂಕಿನದೇ ಇರಲಿ, ಅರ್ಧ ಗಂಟೆ ಗಾಳಿ ಬಿಟ್ಟು ಆಮೇಲೆ ಮೀನನ್ನು ಐದು ನಿಮಿಷ ಅದರಲ್ಲಿ ಬಿಡಿ. ಕಪ್ಪು ತಳದ ಬಕೆಟ್ ತೆಗೆದುಕೊಂಡರೆ ಇದೇ ಒಂದು ಪರೀಕ್ಷೆಯೂ ಆಗುತ್ತದೆ: ಎಳ್ಳಿನ ಕಾಳಿನಂಥ ಬಿಳಿ ಚೂರುಗಳು ಉದುರಿದರೆ ಫ್ಲೂಕ್, ಅಂದರೆ ನಿಯೋಬೆನಿಡೀನಿಯಾ ಜಾತಿಯ ಚಪ್ಪಟೆ ಹುಳು. ಮೀನಿನ ಮೇಲೆ ಅವು ಪಾರದರ್ಶಕ, ಸಿಹಿನೀರು ತಾಗಿದಾಗ ಬೆಳ್ಳಗಾಗುತ್ತವೆ. ಕಣ್ಣು ಮಂಜಾಗಿರುವ, ತಲೆ ಕೊಡಹುವ ಮೀನುಗಳಲ್ಲಿ ಹುಡುಕಿ. ಅದಕ್ಕೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ. 600 ಮಿಲಿಗ್ರಾಂ ಮಾತ್ರೆ 240 ಲೀಟರಿಗೆ ಬರುತ್ತದೆ, ನುಣ್ಣಗೆ ಅರೆದು ಹಾಕಿ. ಮೊಟ್ಟೆಗೆ ಅದು ತಾಕುವುದಿಲ್ಲ, ಆದ್ದರಿಂದ ಏಳನೇ ದಿನ ಇನ್ನೊಂದು ಡೋಸ್. ನಾಯಿಗೆ ಕೊಡುವ ಜಂತುಮಾತ್ರೆಯಲ್ಲಿ ಬೇರೆ ಔಷಧಿಗಳೂ ಬೆರೆತಿರುತ್ತವೆ, ಅದು ಬೇಡ.

ಪ್ರಶ್ನೆ: ಮೊದಲು ಕೇಳಿದವನೇ ಸರ್. ಮೀನು ಹೊರಗೆ ಬಂದ ಮೇಲೆ ದೊಡ್ಡ ಟ್ಯಾಂಕ್ ಎಷ್ಟು ದಿನ ಖಾಲಿ ಬಿಡಬೇಕು?

ಉತ್ತರ: ಗದ್ದೆ ಬೀಳು ಬಿಟ್ಟಂತೆ, 76 ದಿನ. ಕವಚ ಒಡೆಯಲು ತೆಗೆದುಕೊಂಡ ಅತಿ ದೀರ್ಘ ಅವಧಿ 72 ದಿನ ಎಂದು ದಾಖಲಾಗಿದೆ, ಅದಕ್ಕೆ ನಾಲ್ಕು ದಿನ ಸೇರಿಸಿದ್ದು. 27 ಡಿಗ್ರಿಯಲ್ಲಿ 45 ದಿನ ಸಾಕು ಎನ್ನುವವರಿದ್ದಾರೆ. ನಾನು 76ನ್ನೇ ಹೇಳುತ್ತೇನೆ, ಒಂದೇ ಕವಚ ಉಳಿದರೂ ಮೂವತ್ತು ದಿನದ ಕೆಲಸ ನೀರುಪಾಲು. ಸಿಗಡಿ, ಕೋರಲ್ ಅಲ್ಲೇ ಇರಲಿ, ಅವುಗಳಿಗೆ ರೋಗ ತಗಲುವುದಿಲ್ಲ. ಸಿಗಡಿಗೆ ಎರಡು ದಿನಕ್ಕೊಮ್ಮೆ ಚೂರು ಆಹಾರ ಹಾಕಿ. ಈ ಅವಧಿಯಲ್ಲಿ ಹೊಸ ಕೋರಲ್, ಬಸವನಹುಳು ತರಬೇಡಿ, ಚಿಪ್ಪಿಗೆ ಅಂಟಿದ ಕವಚ ಬಂದರೆ ಆ ದಿನದಿಂದ ಮತ್ತೆ 76. ಎರಡು ಟ್ಯಾಂಕಿನ ನಡುವೆ ಮೂರು ಮೀಟರ್ ಅಂತರವಿರಲಿ, ಗುಳ್ಳೆ ಒಡೆದ ಹನಿಯೂ ಸೋಂಕು ಸಾಗಿಸಬಹುದು. ಬಲೆ, ಮಗ್ಗು, ಟವೆಲ್ ಬೇರೆ ಬೇರೆ. ದಿನಾ ಮೊದಲು ದೊಡ್ಡ ಟ್ಯಾಂಕಿನ ಕೆಲಸ ಮುಗಿಸಿ, ಆಮೇಲೆ ಚಿಕಿತ್ಸೆಯ ಟ್ಯಾಂಕಿಗೆ ಕೈ ಹಾಕಿ.

ತಾಮ್ರದ 30 ದಿನ ಮುಗಿದ ಮೇಲೆ ಕಾರ್ಬನ್ ಹಾಕಿ, ನೀರು ಬದಲಿಸಿ ತಾಮ್ರ ಸೊನ್ನೆ ಮಾಡಿ, ಉಳಿದ ದಿನಗಳು ಮೀನು ಅಲ್ಲೇ ಇರಲಿ. ಆಗಲೂ ಉಸಿರು ಎಣಿಸುತ್ತಿರಿ. ವಾಪಸ್ ಬಿಡುವ ದಿನ ಮೀನನ್ನಷ್ಟೇ ಬಿಡಿ, ಆ ನೀರು ಒಂದು ಲೋಟದಷ್ಟೂ ದೊಡ್ಡ ಟ್ಯಾಂಕಿಗೆ ಬೀಳಬಾರದು, ಸಿಗಡಿಗಳಿಗೆ ಅಳಿದುಳಿದ ತಾಮ್ರವೂ ಅಪಾಯ.