ಮನೆ ವರ್ಕ್‌ಶಾಪ್‌ನ ಕಂಪ್ರೆಸರ್‌ಗೆ ಯಾವ ಏರ್ ಪೈಪ್ ತಗೊಳ್ಳೋದು?

ಮಡಿಕೇರಿ ಶೆಡ್:

ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಶೆಡ್‌ನಲ್ಲಿ ಮರಗೆಲಸ ಮಾಡುತ್ತೇನೆ. ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಕೊಯ್ಸಿ ಇಟ್ಟಿದ್ದೇನೆ, ಅದರಲ್ಲೇ ಕಪಾಟು, ಬೆಂಚು. ಈಗ 2 ಎಚ್‌ಪಿ, 50 ಲೀಟರ್ ಟ್ಯಾಂಕಿನ ಕಂಪ್ರೆಸರ್ ತಂದಿದ್ದೇನೆ. 8 ಬಾರ್‌ವರೆಗೆ ತುಂಬುತ್ತದೆ. ಸಣ್ಣ ಮೊಳೆ ಹೊಡೆಯುವ ಬ್ರ್ಯಾಡ್ ನೈಲರ್, ಪಾಲಿಶ್‌ಗೆ ಸ್ಪ್ರೇ ಗನ್, ಆಗಾಗ ಜೀಪಿನ ಟಯರಿಗೆ ಗಾಳಿ, ಇಷ್ಟೇ ಕೆಲಸ. ಜೊತೆಗೆ ಬಂದ ನೀಲಿ ಸುರುಳಿ ಪೈಪನ್ನು ಅಂಗಳದ ಕಡೆ ಎಳೆದರೆ ಕಂಪ್ರೆಸರೇ ಹಿಂದೆ ಬರುತ್ತದೆ. ಅಂಗಡಿಯಲ್ಲಿ ಪಿವಿಸಿ, ರಬ್ಬರ್, ಪಿಯು (ಪಾಲಿಯುರೆಥೇನ್) ಅಂತ ಮೂರು ಬಗೆ ತೋರಿಸಿದರು. ನನಗೆ 12 ಮೀಟರ್ ಬೇಕು. ತೋಟದ ಸ್ಪ್ರೇ ಹೋಸ್ ಒಂದು ರೋಲ್ ಸುಮ್ನೆ ಬಿದ್ದಿದೆ, ಅದನ್ನೇ ಹಾಕಬಹುದಾ?

ಕುಶಾಲನಗರ ಪಾಲಿಶ್:

ರಬ್ಬರಾ, ಪಿಯುನಾ ಅನ್ನೋದು ಆಮೇಲಿನ ಮಾತು. ಮೊದಲು ಪೈಪಿನ ಒಳಗಿನ ತೂತು ನೋಡಿ. ಅಂಗಡಿಯಲ್ಲಿ ಜಾಸ್ತಿ ಜನ ಎಡವೋದು ಇಲ್ಲೇ. ಪಿಯು ಟ್ಯೂಬನ್ನು ಹೊರಗಿನ ಅಳತೆಯಲ್ಲಿ ಮಾರುತ್ತಾರೆ. 8 ಎಂ.ಎಂ. ಪಿಯು ಅಂದರೆ ಒಳಗೆ ಸಾಮಾನ್ಯವಾಗಿ 5 ಎಂ.ಎಂ. ಮಾತ್ರ. ರಬ್ಬರ್ ಹೋಸ್ 10 ಎಂ.ಎಂ. ಅಂದರೆ ಅದು ಒಳಗಿನ ಅಳತೆ. ಎರಡನ್ನೂ ಕೈಯಲ್ಲಿ ಹಿಡಿದರೆ ಅಂಥ ವ್ಯತ್ಯಾಸ ಕಾಣಲ್ಲ. ಆದರೆ ಅಷ್ಟೇ ಗಾಳಿಯನ್ನು ಅಷ್ಟೇ ಉದ್ದ ಕಳಿಸಿದರೆ, 10 ಎಂ.ಎಂ. ತೂತಿಗಿಂತ 5 ಎಂ.ಎಂ. ತೂತಿನಲ್ಲಿ ಒತ್ತಡದ ಕುಸಿತ ಸುಮಾರು 32 ಪಟ್ಟು ಆಗುತ್ತದೆ.

ನೈಲರ್‌ಗೆ ಇದು ಗೊತ್ತೇ ಆಗಲ್ಲ. ಒಂದು ಮೊಳೆ ಹೊಡೆದು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಪೈಪ್ ಮತ್ತೆ ತುಂಬಿರುತ್ತದೆ. ಸ್ಪ್ರೇ ಗನ್ ಹಾಗಲ್ಲ, ಟ್ರಿಗರ್ ಒತ್ತಿದಷ್ಟು ಹೊತ್ತೂ ಗಾಳಿ ಬೇಡುತ್ತದೆ. ಗನ್ನಿನ ಹಿಡಿಯ ಕೆಳಗೆ ಒಂದು ಸಣ್ಣ ಗೇಜ್ ಹಾಕಿ ನೋಡಿ. ಟ್ರಿಗರ್ ಬಿಟ್ಟಾಗ ಮುಳ್ಳು 50 ಪಿಎಸ್‌ಐ (ಸುಮಾರು ಮೂರೂವರೆ ಬಾರ್) ತೋರಿಸುತ್ತದೆ ಅಂದುಕೊಳ್ಳಿ. ಒತ್ತಿದ ಕೂಡಲೇ ಜರ್ರನೆ 30ಕ್ಕೆ ಇಳಿದರೆ ಪೈಪೋ ಅದನ್ನು ಜೋಡಿಸುವ ಕಪ್ಲರೋ ಸಣ್ಣದಾಯಿತು ಅಂತಲೇ ಅರ್ಥ. ಆಗ ಪಾಲಿಶ್ ಹನಿಹನಿಯಾಗಿ ಕೂತು ಕಿತ್ತಳೆ ಸಿಪ್ಪೆಯ ಹಾಗೆ ಕಾಣುತ್ತದೆ. ಜನ ಗನ್ ಸರಿ ಇಲ್ಲ ಅಂತ ಗನ್ ಬದಲಾಯಿಸುತ್ತಾರೆ. ಒತ್ತಡ ಹೊಂದಿಸುವ ರೆಗ್ಯುಲೇಟರ್ ತಿರುಗಿಸುವಾಗಲೂ ಟ್ರಿಗರ್ ಒತ್ತಿಕೊಂಡೇ ಹೊಂದಿಸಿ.

ನಿಮಗೆ ನನ್ನ ಸಲಹೆ: ಒಳಗೆ 10 ಎಂ.ಎಂ. ಇರುವ ರಬ್ಬರ್ ಹೋಸ್, 15 ಮೀಟರ್. ಮೈಮೇಲೆ ವರ್ಕಿಂಗ್ ಪ್ರೆಶರ್ ಅಚ್ಚಾಗಿರಬೇಕು. 8 ಬಾರ್ ಕಂಪ್ರೆಸರ್‌ಗೆ 15–20 ಬಾರ್‌ನದು ಸಾಕು. ಅಂಗಡಿಯವರು ಬರ್ಸ್ಟ್ ಪ್ರೆಶರ್ ಹೇಳಿದರೆ ಅದನ್ನು ಲೆಕ್ಕಕ್ಕೆ ತಗೋಬೇಡಿ, ಅದು ಪೈಪ್ ಒಡೆಯುವ ಒತ್ತಡ. ರಬ್ಬರ್ ಭಾರ, ನಿಜ. ಗನ್ ಹಿಡಿದ ಕೈ ಸೋಲದ ಹಾಗೆ ತುದಿಗೆ ಮಾತ್ರ ಒಂದೂವರೆ ಮೀಟರ್ 12 ಎಂ.ಎಂ. ಪಿಯು ಸೇರಿಸಿ, ಅದರ ಒಳಗೆ 8 ಇರುತ್ತದೆ. ಅಗ್ಗದ ಪಿವಿಸಿ ಬೇಡ. ನಿಮ್ಮ ಮಡಿಕೇರಿಯ ಡಿಸೆಂಬರ್ ಬೆಳಗಿನ ಚಳಿಗೆ ಅದು ಸೆಟೆದುಕೊಳ್ಳುತ್ತದೆ, ನೆಲದ ಮೇಲೆ ನೆಟ್ಟಗೆ ಮಲಗೋದೇ ಇಲ್ಲ.

ಗೋಣಿಕೊಪ್ಪ ಕಾಫಿ:

ಸ್ಪ್ರೇ ಹೋಸ್ ಬೇಡವೇ ಬೇಡ. ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆದ ಪೈಪಲ್ವಾ? ಮೈಲುತುತ್ತ, ಸುಣ್ಣ ಒಳಗೋಡೆಗೆ ಹಿಡಿದು ಒಣಗಿರುತ್ತದೆ. ಎಷ್ಟು ತೊಳೆದರೂ ಗಾಳಿ ಬಿಟ್ಟಾಗ ಚಕ್ಕೆ ಏಳುತ್ತದೆ, ನೇರ ನಿಮ್ಮ ಪಾಲಿಶ್ ಮೇಲೆ ಕೂರುತ್ತದೆ. ಇನ್ನೊಂದು ವಿಷಯ: ನೀರಿನ ಪೈಪ್ ಒಡೆದರೆ ಒತ್ತಡ ಆ ಕ್ಷಣವೇ ಸತ್ತುಹೋಗುತ್ತದೆ. ಗಾಳಿ ಹಾಗಲ್ಲ, ಟ್ಯಾಂಕ್ ಖಾಲಿಯಾಗುವವರೆಗೂ ಪೈಪ್ ಚಾವಟಿ ಬೀಸಿದ ಹಾಗೆ ಹೊಡೆಯುತ್ತಲೇ ಇರುತ್ತದೆ. ಹಾಗೆಯೇ ಮನೆಗೆ ನೀರೆಳೆಯುವ ಬಿಳಿ ಪಿವಿಸಿ ಪೈಪನ್ನು ಗೋಡೆಗೆ ಹೊಡೆದು ಏರ್ ಲೈನ್ ಮಾಡುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಅದು ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ.

ಮಡಿಕೇರಿ ಶೆಡ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡು ಸಂಶಯ ಉಳಿದಿದೆ. ಪೈಪ್ ಗಿಡ್ಡ ಇಟ್ಟು, ಎಕ್ಸ್‌ಟೆನ್ಶನ್ ವೈರ್ ಎಳೆದು ಕಂಪ್ರೆಸರನ್ನೇ ಅಂಗಳಕ್ಕೆ ಒಯ್ಯಬಹುದಾ? ಮತ್ತೆ ಜೂನ್ ಬಂತು ಅಂದರೆ ಪಾಲಿಶ್ ಬೆಳ್ಳಗಾಗುತ್ತದೆ. ಅದಕ್ಕೂ ಪೈಪೇ ಕಾರಣವಾ?

ಕುಶಾಲನಗರ ಪಾಲಿಶ್:

ವೈರ್ ಉದ್ದ ಮಾಡಬೇಡಿ, ಪೈಪ್ ಉದ್ದ ಮಾಡಿ. ತೋಟದ ಮನೆಗಳಲ್ಲಿ ಮೊದಲೇ ವೋಲ್ಟೇಜ್ ಕಡಿಮೆ. ತೆಳು ವೈರ್ ಹಾಕಿದರೆ ಸ್ಟಾರ್ಟ್ ಆಗುವಾಗ ಮೋಟಾರ್ ಮುಕ್ಕರಿಯುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ.

ಬೆಳ್ಳಗಾಗೋದರಲ್ಲಿ ಎರಡು ಥರ ಇದೆ. ಮೇಲ್ಮೈ ಪೂರ್ತಿ ಹಾಲಿನ ಪೊರೆ ಬಂದ ಹಾಗಿದ್ದರೆ ಅದು ಹೊರಗಿನ ತೇವ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಷ್ಟು ಒಳ್ಳೆಯ ಪೈಪ್ ಹಾಕಿದರೂ ಹೋಗಲ್ಲ. ನಿಧಾನ ಆರುವ ರಿಟಾರ್ಡರ್ ಥಿನ್ನರ್ ಬೆರೆಸಿ, ಇಲ್ಲ ಬಿಸಿಲು ಬರುವವರೆಗೆ ಕಾಯಿರಿ. ಅಲ್ಲಲ್ಲಿ ಚುಕ್ಕೆ, ಗುಳಿ ಬಿದ್ದಿದ್ದರೆ ಮಾತ್ರ ಪೈಪಿನಿಂದ ನೀರು ಬಂದಿರಬಹುದು. 8 ಬಾರ್ ಅಂದರೆ ಒಂಬತ್ತು ಲೀಟರ್ ಗಾಳಿಯನ್ನು ಒಂದು ಲೀಟರ್ ಜಾಗಕ್ಕೆ ತುರುಕಿದ ಹಾಗೆ. ನಮ್ಮ ಮಳೆಗಾಲದ ಗಾಳಿಯಲ್ಲಿರುವ ತೇವವೂ ಜೊತೆಗೇ ಬಂದು, ತಣ್ಣಗಾದಾಗ ನೀರಾಗುತ್ತದೆ. ಕಂಪ್ರೆಸರ್ ಬಾಯಲ್ಲಿ ಗಾಳಿ ಇನ್ನೂ ಬಿಸಿ, ಅಲ್ಲಿ ನೀರು ಹಿಡಿಯುವ ವಾಟರ್ ಟ್ರ್ಯಾಪ್ ಹಾಕಿದರೆ ನೀರು ಆವಿಯಾಗಿಯೇ ದಾಟಿಹೋಗುತ್ತದೆ. ನಿಮ್ಮ ರಬ್ಬರ್ ಹೋಸ್ ಮುಗಿದು ಪಿಯು ಶುರುವಾಗುವ ಕಡೆ ಹಾಕಿ. ಅಷ್ಟು ದೂರದಲ್ಲಿ ಗಾಳಿ ತಣ್ಣಗಾಗಿರುತ್ತದೆ. ಟ್ಯಾಂಕಿನ ಅಡಿಯ ನಲ್ಲಿಯನ್ನು ದಿನಾ ಕೆಲಸ ಮುಗಿದ ಮೇಲೆ ತೆಗೆದು ನೀರು ಬಿಡಿ.

ಫಿಟ್ಟಿಂಗ್ ತರುವಾಗ ಕಂಪ್ರೆಸರ್ ಕಡೆಯದನ್ನು ಬಿಚ್ಚಿ ಜೊತೆಗೆ ಒಯ್ಯಿರಿ. ನಮ್ಮಲ್ಲಿ ಸಾಮಾನ್ಯವಾಗಿ ಕಾಲಿಂಚು ಬಿಎಸ್‌ಪಿ, ಅಂದರೆ ಬ್ರಿಟಿಷ್ ಅಳತೆಯ ತಿರುಪು. ಆನ್‌ಲೈನ್‌ನಲ್ಲಿ ಅಮೆರಿಕದ ಎನ್‌ಪಿಟಿ ತಿರುಪು ಬಂದುಬಿಟ್ಟರೆ ಎರಡು ಸುತ್ತು ಹತ್ತುತ್ತದೆ, ಆಮೇಲೆ ಸೋರುತ್ತದೆ. ಎಷ್ಟು ಟೇಪ್ ಸುತ್ತಿದರೂ ನಿಲ್ಲಲ್ಲ. ಬಿಚ್ಚುವ ಮೊದಲು ವಾಲ್ವ್ ಮುಚ್ಚಿ, ಗನ್ ಒತ್ತಿ ಪೈಪಿನ ಗಾಳಿ ಪೂರ್ತಿ ಖಾಲಿ ಮಾಡಿ.