ಇಂಗ್ಲೆಂಡಲ್ಲಿ ಸ್ವಂತ ಮನೆ ಕಟ್ಟಿಸ್ತಿದೀವಿ, ಲ್ಯಾಂಡ್‌ಸ್ಕೇಪಿಂಗ್ ಕಂಡೀಷನ್‌ಗೆ ಏನ್ ಮಾಡೋದು?

ಹಳ್ಳಿಮನೆ_ಯುಕೆ:
ಎಲ್ಲರಿಗೂ ನಮಸ್ಕಾರ. ಮಿಡ್‌ಲ್ಯಾಂಡ್ಸ್ ಕಡೆ ಒಂದು ಹಳ್ಳೀಲಿ ಸಣ್ಣ ಸೈಟ್ ತಗೊಂಡು ಮನೆ ಕಟ್ಟಿಸ್ತಿದೀವಿ. ಪ್ಲಾನಿಂಗ್ ಪರ್ಮಿಷನ್ ಬಂತು ಅಂತ ಪಾಯಸ ಮಾಡ್ಕೊಂಡು ತಿಂದಿದ್ದೂ ಆಯ್ತು, ಆಮೇಲೆ ಲೆಟರ್ ಪೂರ್ತಿ ಓದಿದ್ರೆ ಕೊನೇಲಿ 14 ಕಂಡೀಷನ್! ಅದ್ರಲ್ಲೊಂದು, ಕೆಲಸ ಶುರು ಮಾಡೋಕ್ ಮುಂಚೆ ಲ್ಯಾಂಡ್‌ಸ್ಕೇಪಿಂಗ್ ಸ್ಕೀಮ್ ಕೊಟ್ಟು ಒಪ್ಪಿಗೆ ತಗೋಬೇಕಂತೆ. ಯಾವ ಗಿಡ, ಎಷ್ಟು, ಬೇಲಿ ಎಂಥದ್ದು, ಡ್ರೈವ್‌ವೇಗೆ ಏನ್ ಹಾಸ್ತೀರ, ಎಲ್ಲಾ. ಒಬ್ರು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಹೇಳಿದ ರೇಟ್ ಕೇಳಿ ನಮ್ಮೆಜಮಾನ್ರು ಅಲ್ಲೇ ಕೂತ್ಬಿಟ್ರು. ನಾವೇ ಬರ್ದು ಕೊಡಬಹುದಾ? ಪಾಯ ತೋಡೋ ಮಷೀನಿನ ಡಿಗ್ಗರ್‌ನವನು ಸೋಮವಾರ ಬರ್ತೀನಿ ಅಂತಿದಾನೆ. ಇನ್ನೊಂದು, ನಗಬೇಡಿ, ಕರಿಬೇವು ನುಗ್ಗೆ ಲಿಸ್ಟಿಗೆ ಹಾಕಬಹುದಾ?

ಬೇಲಿಪುರಾಣ:
ಮೇಡಂ ಮೊದ್ಲು ಡಿಗ್ಗರ್‌ನವನಿಗೆ ಫೋನ್ ಮಾಡಿ ಬರಬೇಡ ಅನ್ನಿ. 'ಶುರು ಮಾಡೋಕ್ ಮುಂಚೆ' ಅಂತ ಇದ್ರೆ ಅದು ನಿಜವಾಗ್ಲೂ ಮುಂಚೆನೇ, ಪಾಯ ತೋಡಿದ್ಮೇಲೆ ಕೊಡ್ತೀನಿ ಅಂದ್ರೆ ಪರ್ಮಿಷನ್‌ಗೇ ಕುತ್ತು ಬರಬಹುದು. ಕಂಡೀಷನ್‌ಗೆ ಕೇಳಿದ ವಿವರ ಕೊಟ್ಟು ಕೌನ್ಸಿಲ್ ಒಪ್ಪಿಗೆ ಕೇಳೋಕೆ ಡಿಸ್ಚಾರ್ಜ್ ಆಫ್ ಕಂಡೀಷನ್ಸ್ ಅಂತ ಅರ್ಜಿ ಹಾಕ್ಬೇಕು, ಫೀಸ್ ಒಂದೊಂದು ಕಂಡೀಷನ್‌ಗಲ್ಲ, ಒಂದು ಅರ್ಜಿಗೆ, ಅದಕ್ಕೆ ಇಟ್ಟಿಗೆ ಸ್ಯಾಂಪಲ್, ಡ್ರೈನೇಜ್ ಅಂತ ಬೇರೆ ಕಂಡೀಷನ್ ಇದ್ರೆ ಎಲ್ಲಾ ಒಟ್ಟಿಗೆ ಸೇರಿಸಿ ಹಾಕಿ. ಉತ್ತರ ಬರೋಕೆ 8 ವಾರ ಅಂತ ಲೆಕ್ಕ ಇಟ್ಕೊಳ್ಳಿ.

ಆರ್ಕಿಟೆಕ್ಟೇ ಮಾಡ್ಬೇಕು ಅಂತ ರೂಲ್ ಇಲ್ಲ. ಸ್ಕೇಲ್ ಪ್ರಕಾರ ಪ್ಲಾನು, ಜೊತೆಗೆ ಒಂದು ಟೇಬಲ್, ಅದ್ರಲ್ಲಿ ಗಿಡದ ಬಾಟನಿಕಲ್ ಹೆಸರು, ನೆಡೋವಾಗಿನ ಸೈಜು, ಎಷ್ಟು, ಎಷ್ಟು ದೂರ. ನಾನು ಎಕ್ಸೆಲ್‌ನಲ್ಲೇ ಮಾಡಿದ್ದು. ಬೇಲಿಗೆ ಹಾಥಾರ್ನ್, ಬ್ಲ್ಯಾಕ್‌ಥಾರ್ನ್, ಹೇಝಲ್, ಫೀಲ್ಡ್ ಮೇಪಲ್ ಥರ ಇಲ್ಲಿನದೇ ಗಿಡ ಹಾಕಿದ್ರೆ ಆಫೀಸರ್‌ಗಳು ಖುಷಿ, ಎರಡು ಸಾಲಲ್ಲಿ ಮೀಟರಿಗೆ 5 ಗಿಡ. ನವೆಂಬರಿಂದ ಮಾರ್ಚ್ ಒಳಗೆ ಬೇರ್ ರೂಟ್ (ಕುಂಡ, ಮಣ್ಣು ಇಲ್ಲದೆ ಬರೀ ಬೇರಿನ ಜೊತೆ ಮಾರೋ ಗಿಡ) ತಗೊಳ್ಳಿ, ಕುಂಡದ್ದಕ್ಕಿಂತ ತುಂಬಾ ಅಗ್ಗ.

ಆದ್ರೆ ಜಾಸ್ತಿ ಬರೀಬೇಡಿ! ಸಾಮಾನ್ಯವಾಗಿ 5 ವರ್ಷದೊಳಗೆ ಸತ್ತಿದ್ದನ್ನೆಲ್ಲಾ ಮತ್ತೆ ನೆಡಬೇಕು ಅಂತ ಇರತ್ತೆ. ನಾನು ಹುಮ್ಮಸ್ಸಲ್ಲಿ 40 ಮೀಟರ್ ಬೇಲಿ ಅಂದೆ, ಅಂದ್ರೆ 200 ಗಿಡ, ನೆಟ್ಟ ಮೊದಲನೇ ಬೇಸಿಗೆನೇ 2022ರದ್ದು, ಜುಲೈನಲ್ಲಿ ಇಲ್ಲಿ ಮೊದಲ ಸಲ 40 ಡಿಗ್ರಿ ದಾಟ್ತಲ್ಲ, ಅದೇ. ಬಕೆಟಲ್ಲಿ ನೀರು ಹೊತ್ರೂ ಮೂರನೇ ಒಂದು ಭಾಗ ಹೋಯ್ತು. ಚಳಿಗಾಲದಲ್ಲಿ ಮತ್ತೆ ಗುಂಡಿ ತೋಡಿದ್ದು ನೆನೆಸ್ಕೊಂಡ್ರೆ ಈಗ್ಲೂ ಸೊಂಟ ನೋಯತ್ತೆ.

ಮಣ್ಣುಪರೀಕ್ಷೆ:
ಅಕ್ಕಾ, ನಿಮ್ದು ಜೇಡಿಮಣ್ಣಾ? ಹಾಗಿದ್ರೆ ಗಿಡದ ಪ್ಲಾನ್ ಸ್ಟ್ರಕ್ಚರಲ್ ಇಂಜಿನಿಯರ್‌ಗೂ ಈಗ್ಲೇ ಕೊಡಿ. ಮರ ನೀರು ಹೀರಿದ್ರೆ ಜೇಡಿ ಕುಗ್ಗತ್ತೆ, ಅದಕ್ಕೆ ಹೊಸ ಮನೆಗಳಿಗೆ ವಾರಂಟಿ ಕೊಡೋ ಎನ್‌ಎಚ್‌ಬಿಸಿ ಸಂಸ್ಥೆ ರೂಲ್ಸಲ್ಲಿ ಪಾಯದ ಆಳ ಈಗಿರೋ ಮರ ನೋಡಿ ಮಾತ್ರ ಅಲ್ಲ, ಮುಂದೆ ನೆಡೋ ಮರಾನೂ ನೋಡಿ ಲೆಕ್ಕ ಹಾಕ್ತಾರೆ. ಓಕ್, ವಿಲ್ಲೋ, ಪಾಪ್ಲರ್ ಮನೆ ಹತ್ರ ಬೇಡವೇ ಬೇಡ. ಪಕ್ಕದ್ಮನೆಯವ್ರ ಮರ ಇದ್ರೆ ಕಾಂಡದ ವ್ಯಾಸದ 12 ಪಟ್ಟು ದೂರ ಬೇರಿನ ಜಾಗ ಅಂತ ಲೆಕ್ಕ, 50 ಸೆಂಟಿಮೀಟರ್ ಕಾಂಡಕ್ಕೆ 6 ಮೀಟರ್, ಅಲ್ಲಿಗೆ ಮೊದ್ಲೇ ಫೆನ್ಸ್ ಹಾಕಿ ಡಿಗ್ಗರ್ ಹೋಗದ ಹಾಗೆ ನೋಡ್ಕೊಬೇಕು. ಡ್ರೈವ್‌ವೇಗೆ ಜಲ್ಲಿನೋ ನೀರು ಇಂಗೋ ಬ್ಲಾಕೋ ಹಾಕಿ, ಕಾಂಕ್ರೀಟ್ ಅಂದ್ರೆ ಮತ್ತೆ ಪ್ರಶ್ನೆ ಕೇಳ್ತಾರೆ.

ಕರಿಬೇವು ಇಲ್ಲಿನ ಚಳಿ ತಡೆಯಲ್ಲ, ಲಿಸ್ಟಿಗೆ ಹಾಕಿದ್ರೆ 5 ವರ್ಷನೂ ಹೊಸದು ನೆಡ್ತಾ ಇರ್ಬೇಕಾಗತ್ತೆ 😄 ಸೇಬು, ಪೇರ್, ಪ್ಲಮ್ ಹಾಕಿ, ಯಾರೂ ಬೇಡ ಅನ್ನಲ್ಲ.

ಹಳ್ಳಿಮನೆ_ಯುಕೆ:
ಅಯ್ಯೋ, ಜೇಡಿನೇ. ಕಿಚನ್ ಕಿಟಕಿ ಎದುರಿಗೆ ದೊಡ್ಡ ವಿಲ್ಲೋ ಬರ್ದಿದ್ದೆ, ಅಳಿಸ್ದೆ, ಅಲ್ಲಿ ಸಣ್ಣ ಸೇಬಿನ ಗಿಡ, ಎಷ್ಟು ದೂರ ಅಂತ ಇಂಜಿನಿಯರ್‌ನ ಕೇಳ್ತೀನಿ. ಬೇಲಿ 15 ಮೀಟರ್ ಸಾಕು. ಡಿಗ್ಗರ್‌ನವನಿಗೆ ಫೋನ್ ಮಾಡ್ದೆ, ಸಿಟ್ಟು ಬಂದಿದೆ, ಅಡ್ವಾನ್ಸ್ ವಾಪಸ್ ಕೊಡಲ್ಲ ಅಂತಿದಾನೆ. ಕರಿಬೇವು ಕುಂಡದಲ್ಲಿ ಬಾಯ್ಲರ್ ಪಕ್ಕ ಇದೆ, ಅಲ್ಲೇ ಇರ್ಲಿ.